ಮರಳ ದಿಬ್ಬ ‘ಖರಾಬು’ ಅಲ್ಲ

ಶುಕ್ರವಾರ ಸಂಜೆಯಾದರೆ ಸಾಕು, ಹೆಬ್ಬಾಳದ ಮೇಲ್ಸೇತುವೆಯಿಂದ ಬಿಇಎಲ್ ವೃತ್ತದ ಮೂಲಕ ಗೊರಗುಂಟೆಪಾಳ್ಯದವರೆಗೆ ಹೊರವರ್ತುಲ ರಸ್ತೆಯಲ್ಲಿ ಕಾರುಗಳು ಸಾಲುಗಟ್ಟುತ್ತವೆ. ಅವುಗಳಲ್ಲಿ ಮನೆಗೆ ಮರಳುವವರಷ್ಟೇ ಊರು ಬಿಡುವವರೂ ಇರುತ್ತಾರೆ. ಯಶವಂತಪುರದ ರೈಲು ನಿಲ್ದಾಣದಲ್ಲಿ, ತುಮಕೂರು ರಸ್ತೆಯ ಬಸ್ ತಂಗುದಾಣಗಳಲ್ಲಿ ಇದೇ ನೋಟ. ಶನಿವಾರ, ಭಾನುವಾರಗಳ ಜೊತೆಗೆ ಒಂದು ಸರ್ಕಾರಿ ರಜೆ ಕೂಡಿಕೊಂಡರಂತೂ ಉತ್ತರ ಬೆಂಗಳೂರಿನ ಅರ್ಧದಷ್ಟು ಜನ ಗೋಕರ್ಣ, ಮುರುಡೇಶ್ವರ, ಮಲ್ಪೆಗಳ ಕಡೆಗೆ ಹೊರಟಿದ್ದಾರೇನೋ ಎನಿಸುತ್ತದೆ. ಯಲಹಂಕ ಉಪನಗರದ ನಿವಾಸಿಯಾದ ನಾನೂ ಈಚೆಗೆ ಈ ಸಾಲಿನಲ್ಲಿ ಒಬ್ಬನಾದೆ.

ನನ್ನ ಪ್ರಯಾಣಕ್ಕೆ ವಿಹಾರವೊಂದೇ ಕಾರಣವಾಗಿರಲಿಲ್ಲ. ಆರ್.ಟಿ. ನಗರದಲ್ಲಿರುವ ನನ್ನ ತಂಗಿಯ ಮಗ ಹೊನ್ನಾವರಕ್ಕೂ ಕುಂದಾಪುರಕ್ಕೂ ನಡುವಿನ ಒಂದು ಊರಿನಲ್ಲಿ ಐದು ಗುಂಟೆ ಜಾಗ ನೋಡಿಟ್ಟಿದ್ದ. ಸಮುದ್ರಕ್ಕೆ ಮುಖ ಮಾಡಿದ ಸಮತಟ್ಟಾದ ಜಾಗ, ಬೆಲೆಯೂ ಕೈಗೆಟುಕುವಂತಿದೆ, ನಾಲ್ಕು ಕೋಣೆ ಕಟ್ಟಿ ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟರೆ ಸಾಲದ ಕಂತು ತಾನೇ ತೀರುತ್ತದೆ ಎಂಬುದು ಅವನ ಲೆಕ್ಕ. ‘ಮಾವ, ನೀವು ಕಂದಾಯ ಇಲಾಖೆಯಲ್ಲಿ ಇದ್ದವರು. ಕಾಗದಪತ್ರ ಒಮ್ಮೆ ನೋಡಿಬಿಡಿ. ಅತ್ತೆಗೂ ಕಡಲು ನೋಡಿದ ಹಾಗಾಗುತ್ತದೆ’ ಎಂದ. ಡಿಸೆಂಬರಿನ ಒಂದು ಶುಕ್ರವಾರ ಬೆಳಗಿನ ಜಾವ ನಾವು ಮೂವರೂ ಹೊರಟೆವು.

ಹಿಂದೆ 206 ಎಂದೇ ಗುರುತಿಸುತ್ತಿದ್ದ ತುಮಕೂರು–ಹೊನ್ನಾವರ ಹೆದ್ದಾರಿಯ ಒಂದು ಗುಣವೆಂದರೆ ಅದು ಕರ್ನಾಟಕವನ್ನು ಅಡ್ಡಲಾಗಿ ಸೀಳಿ ತೋರಿಸುತ್ತದೆ. ಗುಬ್ಬಿ, ತಿಪಟೂರುಗಳ ತೆಂಗು, ಅರಸೀಕೆರೆ ಕಡೆಯ ಒಣಭೂಮಿ, ಭದ್ರಾವತಿಯ ಗದ್ದೆ ಬಯಲು, ಸಾಗರದ ಅಡಕೆ ತೋಟ, ಕೊನೆಗೆ ಗೇರುಸೊಪ್ಪೆಯ ಘಟ್ಟ. ಸಾಗರ ದಾಟಿದ ಮೇಲೆ ಶರಾವತಿ ನಮ್ಮ ಜೊತೆಗೂಡುತ್ತಾಳೆ. ಅಂಬುತೀರ್ಥದಲ್ಲಿ ಹುಟ್ಟಿ 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಕಡಲು ಸೇರುವ ಈ ನದಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ಬೆಂಗಳೂರಿನ ಕಾರ್ಖಾನೆಗಳು ಓಡಿದ್ದು, ನಮ್ಮ ಬಡಾವಣೆಗಳ ಬೀದಿದೀಪಗಳು ಉರಿದದ್ದು ಬಹುಕಾಲ ಈ ನೀರಿನಿಂದ. 2019ರಲ್ಲಿ ಇದೇ ನದಿಯ ನೀರನ್ನು ಬೆಂಗಳೂರಿಗೆ ಕುಡಿಯಲು ತರುವ ಪ್ರಸ್ತಾಪ ಬಂದಾಗ ಶಿವಮೊಗ್ಗ ಜಿಲ್ಲೆಯ ಜನ ಬಂದ್ ಆಚರಿಸಿ ಪ್ರತಿಭಟಿಸಿದ್ದನ್ನು ಓದುಗರು ಮರೆತಿರಲಾರರು.

ಅಣೆಕಟ್ಟು ಹಿಡಿದಿಡುವುದು ನೀರನ್ನು ಮಾತ್ರವಲ್ಲ ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಘಟ್ಟದ ಬಂಡೆ ಸವೆದು ಮರಳಾಗಿ, ಮಳೆಗಾಲದ ಪ್ರವಾಹದಲ್ಲಿ ತೇಲಿ, ಅಳಿವೆ ದಾಟಿ ಕಡಲಿಗೆ ಸೇರಬೇಕು. ಅಲೆಗಳು ಅದನ್ನು ತೀರದುದ್ದಕ್ಕೂ ಹಂಚಬೇಕು. ಕರಾವಳಿಯ ಮರಳಿಗೆ ಬಹುಮಟ್ಟಿಗೆ ತವರುಮನೆ ಈ ನದಿಗಳೇ. ಜಲಾಶಯದ ತಳದಲ್ಲಿ ನಿಂತುಹೋದ ಮರಳು, ನದಿಪಾತ್ರದಿಂದ ಲಾರಿಗೆ ಏರಿದ ಮರಳು ಕಡಲ ತೀರಕ್ಕೆ ತಲುಪುವುದಿಲ್ಲ. ನಗರದ ದೀಪಕ್ಕೂ ನಗರದ ಗೋಡೆಗೂ ಕಡಲತೀರ ತನ್ನ ಆದಾಯದ ಒಂದು ಭಾಗವನ್ನು ಬಿಟ್ಟುಕೊಟ್ಟಿದೆ ಎಂದರೆ ತಪ್ಪಾಗದು. ಸಮುದ್ರ ನೋಡಲು ಹೋಗುವ ಬೆಂಗಳೂರಿಗ ಸಾಲಗಾರನಾಗಿಯೇ ಅಲ್ಲಿ ಕಾಲಿಡುತ್ತಾನೆ.

ಹೊನ್ನಾವರದ ಸೇತುವೆ ದಾಟಿದರೆ ಕಾಸರಕೋಡು. 2020ರ ಅಕ್ಟೋಬರಿನಲ್ಲಿ ದೇಶದ ಎಂಟು ಕಡಲತೀರಗಳಿಗೆ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಕರ್ನಾಟಕದ ಪಾಲಿಗೆ ಬಂದ ಎರಡರಲ್ಲಿ ಒಂದು ಉಡುಪಿ ಜಿಲ್ಲೆಯ ಪಡುಬಿದ್ರಿ, ಇನ್ನೊಂದು ಈ ಕಾಸರಕೋಡು. ತೀರ ಅಚ್ಚುಕಟ್ಟಾಗಿದೆ. ಗಾಳಿಮರಗಳ ನೆರಳಿದೆ. ಇದೇ ಊರಿನ ಮತ್ತೊಂದು ಬದಿ, ಶರಾವತಿಯ ಅಳಿವೆಗೆ ಹೊಂದಿಕೊಂಡ ಟೊಂಕಾ. ಅಲ್ಲಿ ಖಾಸಗಿ ಬಂದರು ಯೋಜನೆಯ ವಿರುದ್ಧ ಮೀನುಗಾರ ಕುಟುಂಬಗಳು ವರ್ಷಗಳಿಂದ ಹೋರಾಡುತ್ತಿವೆ. ಕಡಲಾಮೆಗಳು ಮೊಟ್ಟೆಯಿಡಲು ಬರುವ ಮರಳೂ ಅದೇ. ಯೋಜನೆಯ ಸರಿತಪ್ಪುಗಳ ತೀರ್ಪು ಕೊಡುವುದು ಈ ಲೇಖನದ ಉದ್ದೇಶವಲ್ಲ. ಆದರೆ ಒಂದೇ ಊರಿನ ಒಂದೇ ಮರಳು ಒಂದು ಕಡೆ ಬಾವುಟಕ್ಕೆ ಅರ್ಹವೆನಿಸಿ, ಇನ್ನೊಂದು ಕಡೆ ಖಾಲಿ ಜಾಗವೆನಿಸುವುದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಬೆಂಗಳೂರಿನವರಿಗೆ ಮರಳ ದಿಬ್ಬವೆಂದರೆ ತಲಕಾಡು. ಕಾವೇರಿಯ ದಡದ ಆ ಊರಿನಲ್ಲಿ ದೇವಾಲಯಗಳನ್ನೇ ಮುಚ್ಚಿದ ಮರಳನ್ನು ಶಾಪದ ಕಥೆಯೊಡನೆ ನಾವೆಲ್ಲ ಶಾಲೆಯ ಪ್ರವಾಸದಲ್ಲಿ ನೋಡಿದ್ದೇವೆ. ಹಾಗಾಗಿ ದಿಬ್ಬವೆಂದರೆ ಹಾಳು ಬಿದ್ದದ್ದು ಎಂಬ ಭಾವನೆ ಮನಸ್ಸಿನಲ್ಲಿ ಕುಳಿತಿದೆ. ಕರಾವಳಿಯ ಕಥೆ ಇದಕ್ಕೆ ತದ್ವಿರುದ್ಧ. ತಲಕಾಡಿನಲ್ಲಿ ಮರಳು ಊರನ್ನು ನುಂಗಿತು, ಕಡಲತೀರದಲ್ಲಿ ಮರಳು ಊರನ್ನು ಕಾಯುತ್ತದೆ.

ನಮ್ಮ ಕರಾವಳಿಯ ದಿಬ್ಬಗಳು ಎತ್ತರದವಲ್ಲ. ಒಂದಾಳು, ಹೆಚ್ಚೆಂದರೆ ಎರಡಾಳು ಎತ್ತರ. ರಾಜಸ್ಥಾನದ ಚಿತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಅವು ಕಣ್ಣಿಗೇ ಬೀಳದಿರಬಹುದು. ಕಡಲ ಕಡೆಯ ಇಳಿಜಾರಿನಲ್ಲಿ ಮೇಕೆಯ ಗೊರಸಿನ ಆಕಾರದ ಎಲೆಗಳ ಅಡುಂಬು ಬಳ್ಳಿ ನೇರಳೆ ಹೂ ಬಿಟ್ಟು ಹಬ್ಬಿರುತ್ತದೆ. ಅದರ ಹಿಂದೆ ರಾವಣನ ಮೀಸೆ ಎಂದು ಕರೆಯುವ ಮೊನಚು ಹುಲ್ಲು. ಅದಕ್ಕೂ ಹಿಂದೆ ಕೇದಗೆಯ ಪೊದೆ. ಒಣಗಿದ ಮರಳನ್ನು ಗಾಳಿ ಎತ್ತಿ ತಂದಾಗ ಈ ಗಿಡಗಳು ಅದನ್ನು ಹಿಡಿದುಕೊಳ್ಳುತ್ತವೆ. ಮರಳು ಏರಿದಂತೆ ಬಳ್ಳಿಯೂ ಏರುತ್ತದೆ. ಹೀಗೆ ವರ್ಷವರ್ಷವೂ ದಿಬ್ಬ ಬೆಳೆಯುತ್ತದೆ.

ಮಳೆಗಾಲದಲ್ಲಿ ಇದರ ನಿಜವಾದ ಕೆಲಸ ಆರಂಭ. ಜೂನ್ ತಿಂಗಳ ದೊಡ್ಡ ಅಲೆಗಳು ತೀರವನ್ನೂ ದಿಬ್ಬದ ಮುಂಭಾಗವನ್ನೂ ಕೊರೆದು ಮರಳನ್ನು ಒಳಕ್ಕೆ ಎಳೆದೊಯ್ಯುತ್ತವೆ. ಆ ಮರಳು ದಡದಿಂದ ತುಸು ದೂರದಲ್ಲಿ ನೀರಿನಡಿ ಏರಿಯಾಗಿ ನಿಲ್ಲುತ್ತದೆ. ಮುಂದಿನ ಅಲೆಗಳು ಆ ಏರಿಗೆ ಬಡಿದು ಅಲ್ಲೇ ಒಡೆಯುತ್ತವೆ. ದಡಕ್ಕೆ ಬರುವಾಗ ಅವುಗಳ ಬಲ ಅಡಗಿರುತ್ತದೆ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಮರಳಿ ದಡಕ್ಕೆ ತರುತ್ತವೆ. ಕಷ್ಟಕಾಲದಲ್ಲಿ ತೆಗೆದು, ಸುಗ್ಗಿಯಲ್ಲಿ ಮತ್ತೆ ತುಂಬುವ ಕಣಜದಂತೆ ಇದು. ಇದರ ಜೊತೆಗೆ, ದಿಬ್ಬದ ಒಡಲಲ್ಲಿ ಇಂಗಿದ ಮಳೆನೀರು ಉಪ್ಪುನೀರನ್ನು ಹಿಂದಕ್ಕೆ ತಳ್ಳಿ ಹಿಂಬದಿಯ ಮನೆಗಳ ಬಾವಿಯನ್ನು ಸಿಹಿಯಾಗಿಡುತ್ತದೆ. ಇಷ್ಟೆಲ್ಲ ಕೆಲಸಕ್ಕೆ ಸರ್ಕಾರ ಒಂದು ರೂಪಾಯಿ ಸಂಬಳ ಕೊಡುವುದಿಲ್ಲ.

ತೀರದಲ್ಲಿ ಒಣಮೀನು ಹರವುತ್ತಿದ್ದ ಒಬ್ಬ ವೃದ್ಧೆಯನ್ನು ನನ್ನ ಪತ್ನಿ ಮಾತನಾಡಿಸಿದಳು. ದಿಬ್ಬದ ಮರೆಯಲ್ಲೇ ಏಕೆ ಮನೆ ಕಟ್ಟುತ್ತೀರಿ, ಕಡಲು ಕಾಣುವಂತೆ ಮುಂದಕ್ಕೆ ಕಟ್ಟಬಾರದೇ ಎಂದು ಕೇಳಿದ್ದಕ್ಕೆ ಆಕೆ ನಕ್ಕುಬಿಟ್ಟಳು. ‘ಕಡಲು ದಿನಾ ಕಾಣ್ತದೆ ಅಮ್ಮಾ, ಮನೇಲೂ ಅದನ್ನೇ ನೋಡುದು ಎಂತಕೆ? ದಿಬ್ಬ ಹೋದ್ರೆ ಗಾಳಿ ಸೀದಾ ಒಲೆಗೇ ಬತ್ತದೆ’ ಎಂದಳು. ತಲೆಮಾರುಗಳಿಂದ ಕಡಲಿನೊಡನೆ ಬದುಕಿದವರು ಕಡಲಿಗೆ ಬೆನ್ನು ಮಾಡಿ ಮನೆ ಕಟ್ಟುತ್ತಾರೆ. ಎರಡು ದಿನಕ್ಕೆಂದು ಬರುವ ನಮಗೆ ಮಂಚದ ಮೇಲಿಂದಲೇ ಕಡಲು ಕಾಣಬೇಕು. ಆ ನೋಟಕ್ಕೆ ಮೊದಲು ಅಡ್ಡ ಬರುವುದು ದಿಬ್ಬ.

ಮರುದಿನ ಸೋದರಳಿಯನ ಐದು ಗುಂಟೆಯನ್ನು ನೋಡಲು ಹೋದೆವು. ಮಾರುವವರ ಮಧ್ಯವರ್ತಿ ಪಹಣಿಯ ಪ್ರತಿ ಕೊಟ್ಟ. ಸರ್ವೆ ನಂಬರಿನ ಒಟ್ಟು ವಿಸ್ತೀರ್ಣದಲ್ಲಿ ಒಂದಷ್ಟು ಗುಂಟೆ ‘ಫೂಟ್ ಖರಾಬು’ ಎಂದು ನಮೂದಾಗಿತ್ತು. ಕಂದಾಯ ಇಲಾಖೆಯ ಪರಿಚಯವಿಲ್ಲದ ಓದುಗರಿಗಾಗಿ ಹೇಳುವುದಾದರೆ, ಸಾಗುವಳಿಗೆ ಯೋಗ್ಯವಲ್ಲವೆಂದು ಕಂದಾಯದಿಂದ ಬಿಟ್ಟ ಭಾಗ ‘ಎ’ ಖರಾಬು. ರಸ್ತೆ, ಹಳ್ಳ, ಸ್ಮಶಾನದಂತಹ ಸಾರ್ವಜನಿಕ ಉಪಯೋಗದ ಭಾಗ ‘ಬಿ’ ಖರಾಬು. ಇಲ್ಲಿ ಇದ್ದದ್ದು ‘ಎ’. ಜಾಗದ ಮೇಲೆ ನಿಂತು ಅಕ್ಕಪಕ್ಕ ನೋಡಿದೆ. ಉತ್ತರದ ಹಿಡುವಳಿಯಲ್ಲಿಯೂ ದಕ್ಷಿಣದ ಹಿಡುವಳಿಯಲ್ಲಿಯೂ ಒಂದಾಳೆತ್ತರದ ದಿಬ್ಬ, ಅದರ ಮೇಲೆ ಬಳ್ಳಿ. ನಡುವೆ ನಾವು ನಿಂತಿದ್ದ ಜಾಗ ಮಾತ್ರ ಅಂಗೈಯಂತೆ ಸಮತಟ್ಟು. ಅಂಚಿನಲ್ಲಿ ಜೆಸಿಬಿ ಯಂತ್ರದ ಹಲ್ಲಿನ ಗುರುತು ಇನ್ನೂ ಮಾಸಿರಲಿಲ್ಲ. ಪಹಣಿಯಲ್ಲಿ ಖರಾಬು ಎಂದಿದ್ದ ಭಾಗ ಆ ದಿಬ್ಬವೇ ಆಗಿತ್ತು. ‘ವ್ಯೂ ಚೆನ್ನಾಗಿ ಬರಲಿ ಅಂತ ಲೆವೆಲ್ ಮಾಡಿಸಿದ್ದೇವೆ ಸಾರ್’ ಎಂದು ಮಧ್ಯವರ್ತಿ ಹೆಮ್ಮೆಯಿಂದಲೇ ಹೇಳಿದ.

ಆತನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಆತ ಬಳಸಿದ ಭಾಷೆ ನನ್ನದೇ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಕರಾವಳಿಯ ಒಂದು ತಾಲ್ಲೂಕಿನಲ್ಲಿ ತಹಸೀಲ್ದಾರನಾಗಿದ್ದೆ. ಒಂದು ಸಾರ್ವಜನಿಕ ಕಟ್ಟಡಕ್ಕಾಗಿ ಕಡಲ ಬದಿಯ ಸರ್ಕಾರಿ ಜಾಗ ಮಂಜೂರು ಮಾಡುವ ಕಡತ ನನ್ನ ಮೇಜಿಗೆ ಬಂತು. ಸ್ಥಳ ತನಿಖೆಗೆ ಹೋಗಿ ಅರ್ಧ ಗಂಟೆ ನಿಂತು ಬಂದೆ. ‘ಸದರಿ ಜಾಗವು ನಿರುಪಯುಕ್ತ ಮರಳು ಗುಡ್ಡೆಯಾಗಿದ್ದು ಮಂಜೂರು ಮಾಡಲು ಅಡ್ಡಿ ಇರುವುದಿಲ್ಲ’ ಎಂದು ವರದಿ ಬರೆದು ಸಹಿ ಹಾಕಿದೆ. ಯಾರ ಒತ್ತಡವೂ ಇರಲಿಲ್ಲ, ಯಾವ ಆಮಿಷವೂ ಇರಲಿಲ್ಲ. ಊರಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ನಂಬಿದ್ದೆ. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದ ನನಗೆ ಆ ದಿಬ್ಬದ ಉಪಯೋಗವೇನು ಎಂದು ಹಿಂಬದಿಯ ಮನೆಯವರನ್ನು ಕೇಳಬೇಕೆಂದು ತೋಚಲಿಲ್ಲ. ಈ ಸಲ ಆ ಊರನ್ನು ಹಾದು ಬಂದೆ. ದಿಬ್ಬವಿದ್ದ ಕಡೆ ಈಗ ಕಪ್ಪು ಬಂಡೆಗಳ ತಡೆಗೋಡೆ ಇದೆ. ಕಾರು ನಿಲ್ಲಿಸಲು ಮನಸ್ಸಾಗಲಿಲ್ಲ.

ಮುರುಡೇಶ್ವರ, ಭಟ್ಕಳ, ಬೈಂದೂರುಗಳನ್ನು ದಾಟಿ ದಕ್ಷಿಣಕ್ಕೆ ಹೋದರೆ ಮರವಂತೆ. ಒಂದು ಬದಿ ಸೌಪರ್ಣಿಕಾ ನದಿ, ಇನ್ನೊಂದು ಬದಿ ಅರಬ್ಬೀ ಸಮುದ್ರ, ನಡುವೆ ಹೆದ್ದಾರಿ. ನಾಡಿನ ಅತ್ಯಂತ ಸುಂದರ ರಸ್ತೆಗಳಲ್ಲಿ ಇದೂ ಒಂದು. ಈ ಕಿರಿದಾದ ನೆಲ ಉಳಿಯಲೆಂದು ಕಡಲ ಬದಿಗೆ ಬಂಡೆಗಳನ್ನು ಪೇರಿಸಬೇಕಾಗಿದೆ. ಕೊರೆತ ಮನೆಬಾಗಿಲಿಗೇ ಬಂದ ಊರಿನವರು ಗೋಡೆ ಕೇಳುವುದು ಸಹಜ. ಮಳೆಗಾಲದ ರಾತ್ರಿಯಲ್ಲಿ ತೆಂಗಿನ ಮರ ಬೀಳುವ ಸದ್ದು ಕೇಳಿದವರಿಗೆ ದಿಬ್ಬದ ಮಹತ್ವ ಬೋಧಿಸಲು ಹೋಗುವುದು ಕ್ರೂರವಾದೀತು.

ಆದರೆ ಗೋಡೆಗೆ ಒಂದು ಸ್ವಭಾವವಿದೆ. ಅದು ತನ್ನ ಹಿಂದಿನ ನೆಲವನ್ನು ಹಿಡಿದಿಡುತ್ತದೆ, ಮುಂದಿನ ಮರಳನ್ನು ಹಿಡಿದಿಡಲಾರದು. ಗೋಡೆಗೆ ಬಡಿದ ಅಲೆ ಬುಡದ ಮರಳನ್ನು ಕೊಚ್ಚಿಕೊಂಡು ಹೋಗುತ್ತದೆ. ಗೋಡೆ ಮುಗಿಯುವ ಕಡೆ, ಅಂದರೆ ನೆರೆಯ ಊರಿನಲ್ಲಿ, ಕೊರೆತ ಹೆಚ್ಚುತ್ತದೆ. ಆಗ ಆ ಊರಿನವರೂ ಗೋಡೆ ಕೇಳುತ್ತಾರೆ. ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಗೆ ಅಲೆತಡೆಗಳು ಬಂದ ಮೇಲೆ ಉತ್ತರದ ಬೆಂಗ್ರೆಯಲ್ಲಿ ಮರಳು ಕೂಡಿತು, ದಕ್ಷಿಣದ ಉಳ್ಳಾಲದಲ್ಲಿ ಮನೆಗಳು ಕಡಲಪಾಲಾದವು. 2010ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕು ಕರ್ನಾಟಕ ಮತ್ತು ಮಹಾರಾಷ್ಟ್ರಗಳ ಕರಾವಳಿ ರಕ್ಷಣೆಗೆಂದು 25 ಕೋಟಿ ಡಾಲರ್‌ಗಳ ಸಾಲ ಸೌಲಭ್ಯಕ್ಕೆ ಒಪ್ಪಿಗೆ ನೀಡಿತು. ಉಳ್ಳಾಲದ ಕಾಮಗಾರಿ ಅದರಡಿ ನಡೆಯಿತು. ಪುಕ್ಕಟೆಯಾಗಿ ನಡೆಯುತ್ತಿದ್ದ ಕೆಲಸಕ್ಕೆ ನಾವೀಗ ವಿದೇಶಿ ಸಾಲ ತರುತ್ತಿದ್ದೇವೆ.

ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿ ದೇಶದ ಕಡಲತೀರದ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಒಳಗಾಗಿದೆ ಎಂದು ಕಂಡುಕೊಂಡಿತು. ಕರ್ನಾಟಕದಲ್ಲಿ ಆ ಪ್ರಮಾಣ ಹೆಚ್ಚುಕಡಿಮೆ ಕಾಲುಭಾಗ. ಕೇರಳ, ತಮಿಳುನಾಡುಗಳಿಗೆ ಹೋಲಿಸಿದರೆ ನಮ್ಮ ಸ್ಥಿತಿ ಇನ್ನೂ ಕೈಮೀರಿಲ್ಲ ಎಂದೇ ಇದರ ಅರ್ಥ. ಉಳಿಸಿಕೊಳ್ಳುವುದಕ್ಕೆ ನಮ್ಮಲ್ಲಿ ಇನ್ನೂ ಏನಾದರೂ ಇದೆ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ತಮಿಳುನಾಡಿನ ತೀರದಲ್ಲಿ ದಿಬ್ಬಗಳು ಉಳಿದಿದ್ದ ಊರುಗಳಿಗೂ ಅವು ಸಮತಟ್ಟಾಗಿದ್ದ ಊರುಗಳಿಗೂ ಆದ ಹಾನಿಯಲ್ಲಿ ವ್ಯತ್ಯಾಸ ಕಂಡುಬಂದದ್ದು ನಮಗೆ ಪಾಠವಾಗಬೇಕಿತ್ತು. ಸಮುದ್ರಮಟ್ಟಕ್ಕಿಂತ ಕೆಳಗೆ ಬದುಕುವ ನೆದರ್ಲೆಂಡ್ಸ್ ದೇಶ ತನ್ನ ದಿಬ್ಬಗಳನ್ನು ರಾಷ್ಟ್ರರಕ್ಷಣೆಯ ಭಾಗವೆಂದೇ ಭಾವಿಸುತ್ತದೆ. 2011ರಲ್ಲಿ ಅದು ಒಂದೇ ಕಡೆ 2.15 ಕೋಟಿ ಘನ ಮೀಟರ್ ಮರಳನ್ನು ಸಮುದ್ರಕ್ಕೆ ಸುರಿಯಿತು. ಗಾಳಿ ಮತ್ತು ಅಲೆ ಅದನ್ನು ತೀರದುದ್ದಕ್ಕೆ ಹಂಚಿ ದಿಬ್ಬ ಕಟ್ಟಲಿ ಎಂಬುದು ಅದರ ಉದ್ದೇಶ. ಶ್ರೀಮಂತ ದೇಶವೊಂದು ಹಣ ಕೊಟ್ಟು ಮರಳು ಹಾಕಿಸುತ್ತಿರುವಾಗ ನಾವು ಹಣ ಕೊಟ್ಟು ಮರಳು ತೆಗೆಸುತ್ತಿದ್ದೇವೆ.

ಅರ್ಥಶಾಸ್ತ್ರಕ್ಕೆ ಈ ವಿದ್ಯಮಾನ ಹೊಸದಲ್ಲ. ಒಬ್ಬನ ವ್ಯವಹಾರದ ಲಾಭ ಅವನಿಗೂ ನಷ್ಟ ಮೂರನೆಯವನಿಗೂ ಹೋದಾಗ ಮಾರುಕಟ್ಟೆಯ ಬೆಲೆ ಸುಳ್ಳು ಹೇಳುತ್ತದೆ ಎಂಬ ವಿಚಾರವನ್ನು ಇಂಗ್ಲೆಂಡಿನ ಪಿಗೂ 1920ರಷ್ಟು ಹಿಂದೆಯೇ ವಿಶದವಾಗಿ ಚರ್ಚಿಸಿದ್ದಾರೆ. ದಿಬ್ಬ ಸಮ ಮಾಡಿದ ಜಾಗಕ್ಕೆ ಗುಂಟೆಗೆ ಹೆಚ್ಚು ಬೆಲೆ ಬರುತ್ತದೆ. ಅದು ಮಾರಿದವರ ಲಾಭ. ಕಡಲು ಕಾಣುವ ಕೋಣೆಗೆ ಹೆಚ್ಚು ಬಾಡಿಗೆ ಸಿಗುತ್ತದೆ. ಅದು ಕೊಂಡವರ ಲಾಭ. ಹಿಂದಿನ ಮನೆಯ ಬಾವಿ ಉಪ್ಪಾದರೆ, ಪಕ್ಕದ ತೋಟ ಕೊರೆದುಹೋದರೆ, ಹತ್ತು ವರ್ಷದ ನಂತರ ಗೋಡೆ ಕಟ್ಟಬೇಕಾದರೆ ಅದರ ಖರ್ಚು ಯಾರ ಲೆಕ್ಕಕ್ಕೆ? ಬಾವಿಯ ಒಡತಿಗೆ, ತೋಟದ ಯಜಮಾನನಿಗೆ, ಕೊನೆಗೆ ತೆರಿಗೆ ಕೊಡುವ ಎಲ್ಲರಿಗೆ. ಐದು ಗುಂಟೆಯ ಕ್ರಯಪತ್ರದಲ್ಲಿ ಈ ಯಾವ ಸಾಲೂ ಇರುವುದಿಲ್ಲ.

ಇದಕ್ಕೆ ಕರಾವಳಿಯ ಯುವಕರು ಕೊಡಬಹುದಾದ ಉತ್ತರವನ್ನು ನಾನು ಬಲ್ಲೆ. ‘ಬೆಂಗಳೂರಿನವರು ನೀವು ಕೆರೆಗಳ ಮೇಲೆ ಮನೆ ಕಟ್ಟಿಕೊಂಡು, ನಮ್ಮ ನದಿಯ ವಿದ್ಯುತ್ತಿನಲ್ಲಿ ಫ್ಯಾನು ಹಾಕಿಕೊಂಡು, ಈಗ ನಮಗೆ ರೆಸಾರ್ಟ್ ಬೇಡವೆನ್ನುತ್ತೀರಾ? ನಾವು ಮುಂಬೈಗೋ ಕೊಲ್ಲಿ ದೇಶಕ್ಕೋ ಹೋಗಿ ದುಡಿಯಬೇಕೇ?’ ಈ ಆಕ್ಷೇಪದಲ್ಲಿ ತಿರುಳಿದೆ. ಪ್ರವಾಸೋದ್ಯಮ ಬೇಡವೆಂದು ನಾನು ಹೇಳುತ್ತಿಲ್ಲ. ಕಾಸರಕೋಡಿಗೂ ಪಡುಬಿದ್ರಿಗೂ ಜನ ಬರುವುದು ಅಲ್ಲಿ ಮರಳು ಇರುವುದರಿಂದ. ಬಂಡೆಯ ಗೋಡೆಯ ಮುಂದೆ ಯಾರೂ ಮಕ್ಕಳನ್ನು ಆಡಲು ಬಿಡುವುದಿಲ್ಲ. ದಿಬ್ಬವನ್ನು ಕಳೆದುಕೊಂಡ ಊರು ಮೊದಲು ತೀರವನ್ನು, ಆಮೇಲೆ ಪ್ರವಾಸಿಗರನ್ನು ಕಳೆದುಕೊಳ್ಳುತ್ತದೆ. ಬಂಡವಾಳ ಹೂಡಿದ ಹೊರಗಿನವರು ಬೇರೆ ಊರು ಹುಡುಕಿಕೊಳ್ಳುತ್ತಾರೆ. ಕೈರಂಪಣಿ ಎಳೆಯಲು, ಮೀನು ಒಣಗಿಸಲು ಅದೇ ಮರಳನ್ನು ನಂಬಿದವರಿಗೆ ಬೇರೆ ಊರಿಲ್ಲ.

ಕಾನೂನು ಇಲ್ಲವೇ? ಇದೆ. 1991ರಲ್ಲಿ ಮೊದಲ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಬಂತು. 2011ರಲ್ಲಿ ಹೊಸದಾಯಿತು, 2019ರಲ್ಲಿ ಮತ್ತೆ ಬದಲಾಯಿತು. 2019ರ ಅಧಿಸೂಚನೆ ಮರಳ ದಿಬ್ಬಗಳನ್ನು ಕಾಂಡ್ಲಾ ಕಾಡು, ಹವಳದ ದಂಡೆ, ಕಡಲಾಮೆಗಳ ಗೂಡಿನ ನೆಲೆಗಳ ಜೊತೆಗೆ ಅತಿ ಸೂಕ್ಷ್ಮವಾದ ಮೊದಲನೇ ವರ್ಗದಲ್ಲಿಯೇ ಇಟ್ಟಿದೆ. ಅದೇ ಅಧಿಸೂಚನೆ, ಪ್ರತಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನಸಾಂದ್ರತೆಯಿರುವ ಗ್ರಾಮೀಣ ತೀರಗಳಲ್ಲಿ ನಿರ್ಮಾಣ ನಿಷೇಧದ ಅಂತರವನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿದೆ. ಅಂತರ ಕಡಿಮೆಯಾದಷ್ಟೂ ದಿಬ್ಬದ ಗುರುತು ಹೆಚ್ಚು ನಿಖರವಾಗಿರಬೇಕಿತ್ತು. ನಡೆದದ್ದೇನು? ಕರಾವಳಿಯ ದೊಡ್ಡ ನಕ್ಷೆ ಒಂದು ಇಲಾಖೆಯಲ್ಲಿದೆ, ಪಹಣಿ ಇನ್ನೊಂದು ಇಲಾಖೆಯಲ್ಲಿದೆ. ಗ್ರಾಮ ಆಡಳಿತಾಧಿಕಾರಿಯಾಗಲಿ, ಉಪನೋಂದಣಾಧಿಕಾರಿಯಾಗಲಿ, ಸಾಲ ಕೊಡುವ ಬ್ಯಾಂಕಾಗಲಿ ನೋಡುವುದು ಪಹಣಿಯನ್ನು. ಅಲ್ಲಿ ಇರುವ ಪದ ‘ಖರಾಬು’.

ಖರಾಬು ಎಂದರೆ ಕೆಟ್ಟದ್ದು. ಕಂದಾಯ ಬಾರದ ನೆಲವೆಲ್ಲ ಕೆಟ್ಟದ್ದು ಎಂಬುದು ಭೂಕಂದಾಯವೇ ಬೊಕ್ಕಸದ ಮುಖ್ಯ ಆದಾಯವಾಗಿದ್ದ ಕಾಲದ ಲೆಕ್ಕ. ಆ ಕಾಲ ಹೋಗಿ ಎಷ್ಟೋ ವರ್ಷಗಳಾದವು, ಪದ ಮಾತ್ರ ಉಳಿದಿದೆ. ಒಮ್ಮೆ ಖರಾಬು ಎಂದು ಬರೆದ ಮೇಲೆ ಅದನ್ನು ‘ಉಪಯುಕ್ತ’ ಮಾಡುವುದೇ ಅಭಿವೃದ್ಧಿ ಎನಿಸಿಬಿಡುತ್ತದೆ. ನನ್ನ ವರದಿಯಲ್ಲಿ ಆದದ್ದು ಇದೇ.

ಆದ್ದರಿಂದ ನನ್ನ ಸಲಹೆಗಳು ಸರಳವಾದವು. ಮೊದಲನೆಯದಾಗಿ, ಕರಾವಳಿಯ ಮೂರೂ ಜಿಲ್ಲೆಗಳಲ್ಲಿ ಭೂಮಾಪನ, ಅರಣ್ಯ ಇಲಾಖೆಗಳು ಮತ್ತು ಗ್ರಾಮ ಪಂಚಾಯಿತಿಗಳು ಜಂಟಿಯಾಗಿ ಉಳಿದಿರುವ ದಿಬ್ಬಗಳನ್ನು ಅಳತೆ ಮಾಡಿ, ಸರ್ವೆ ನಂಬರುವಾರು ಪಹಣಿಯಲ್ಲಿ ‘ಸಂರಕ್ಷಿತ ಮರಳ ದಿಬ್ಬ’ ಎಂದು ನಮೂದಿಸಬೇಕು. ‘ಭೂಮಿ’ ಯೋಜನೆಯಡಿ ಪಹಣಿಗಳನ್ನು ಗಣಕೀಕರಿಸಿ ದೇಶಕ್ಕೆ ಮಾದರಿಯಾದ ರಾಜ್ಯಕ್ಕೆ ಇದು ಅಸಾಧ್ಯವೇನಲ್ಲ. ಹಾಗೆ ನಮೂದಾದರೆ ಕೊಳ್ಳುವವನಿಗೆ ಕೊಳ್ಳುವ ಮುನ್ನವೇ ಗೊತ್ತಾಗುತ್ತದೆ, ಬ್ಯಾಂಕಿಗೂ ಗೊತ್ತಾಗುತ್ತದೆ. ಖಾಸಗಿ ಹಿಡುವಳಿಯಲ್ಲಿ ದಿಬ್ಬ ಉಳಿಸಿಕೊಂಡವರಿಗೆ ಪಂಚಾಯಿತಿ ತೆರಿಗೆಯಲ್ಲಿ ರಿಯಾಯಿತಿ ಕೊಡಬಹುದು.

ಎರಡನೆಯದಾಗಿ, ಕಡಲತೀರದ ವಾಹನ ನಿಲುಗಡೆ ಮತ್ತು ಪ್ರವೇಶ ಶುಲ್ಕದ ನಿಶ್ಚಿತ ಪಾಲು ಆಯಾ ಗ್ರಾಮ ಪಂಚಾಯಿತಿಗೆ ಸೇರಬೇಕು. ದಿಬ್ಬದ ಮೇಲೆ ತುಳಿಯದಂತೆ ಮರದ ಕಾಲುಹಾದಿ, ಬಳ್ಳಿ ಹಬ್ಬಲು ಬೇಲಿ, ಕಾವಲಿಗೆ ಊರಿನ ಯುವಕರು: ಇದರ ಖರ್ಚು ದೊಡ್ಡದಲ್ಲ. ನೂರಾರು ಕಿಲೋಮೀಟರ್ ಪೆಟ್ರೋಲು ಸುಟ್ಟು ಬರುವ ನಾವು ಇನ್ನಷ್ಟು ಹಣ ಕೊಟ್ಟರೆ ಬಡವರಾಗುವುದಿಲ್ಲ. ಮೂರನೆಯದಾಗಿ, ಹೊಸ ತಡೆಗೋಡೆಗೆ ಮಂಜೂರಾತಿ ನೀಡುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಪ್ರಕಟಿಸುವುದು ಕಡ್ಡಾಯವಾಗಬೇಕು: ಈ ಗೋಡೆಯಿಂದ ನೆರೆಯ ಊರಿಗೆ ಏನಾಗುತ್ತದೆ? ಇಲ್ಲಿ ದಿಬ್ಬ ಮತ್ತೆ ಬೆಳೆಸುವುದಕ್ಕೆ ಎಷ್ಟು ಖರ್ಚಾಗುತ್ತದೆ?

ಸೋಮವಾರ ಹುಲಿಕಲ್ ಘಾಟಿ ಹತ್ತಿ ಶಿವಮೊಗ್ಗದ ಮೂಲಕ ಹಿಂದಿರುಗಿದೆವು. ರಾತ್ರಿ ಯಲಹಂಕ ಕೆರೆಯ ಬದಿಯಿಂದ ಬರುವಾಗ ಪತ್ನಿ 2024ರ ಅಕ್ಟೋಬರನ್ನು ನೆನಪಿಸಿದಳು. ಆ ತಿಂಗಳ ಮಳೆಯಲ್ಲಿ ನಮ್ಮ ಸಮೀಪದ ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. 2021ರ ನವೆಂಬರಿನಲ್ಲಿಯೂ ಅಲ್ಲಿ ನೀರು ನುಗ್ಗಿತ್ತು. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಕೆರೆಯಂಗಳ, ರಾಜಕಾಲುವೆಗಳೂ ನಮ್ಮ ದಾಖಲೆಗಳಲ್ಲಿ ಖರಾಬೇ. ನೀರು ನಿಲ್ಲುವ ಜಾಗವನ್ನು ಖಾಲಿ ಜಾಗವೆಂದು ಓದಿದ ತಪ್ಪಿಗೆ ನಗರ ಪ್ರತಿ ಮಳೆಗಾಲದಲ್ಲಿ ದಂಡ ಕಟ್ಟುತ್ತಿದೆ. ಅದೇ ಓದನ್ನು ನಾವು ವಾರಾಂತ್ಯದ ಚೀಲದಲ್ಲಿಟ್ಟುಕೊಂಡು ಕರಾವಳಿಗೂ ಒಯ್ಯುತ್ತಿದ್ದೇವೆ.

ಸೋದರಳಿಯ ಆ ಜಾಗವನ್ನು ಕೊಳ್ಳಲಿಲ್ಲ. ನನಗೆ ಸಮಾಧಾನವಾಯಿತು. ಆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಎರಡು ತಿಂಗಳ ನಂತರ ಅವನೇ ಫೋನ್ ಮಾಡಿ ಹೇಳಿದ: ‘ಮಾವ, ಅದು ಮಾರಾಟವಾಯಿತಂತೆ. ತೆಗೆದುಕೊಂಡವರೂ ಬೆಂಗಳೂರಿನವರೇ.’ ಅವರು ಕೆಟ್ಟವರೆಂದು ನಾನು ಭಾವಿಸುವುದಿಲ್ಲ. ಅವರೂ ಪಹಣಿಯನ್ನು ನೋಡಿಯೇ ಕೊಂಡಿರುತ್ತಾರೆ. ಅದರಲ್ಲಿ ಏನು ಬರೆದಿತ್ತೋ ಅದನ್ನೇ ನಂಬಿರುತ್ತಾರೆ. ಬದಲಾಗಬೇಕಾದದ್ದು ಆ ಬರಹ.

(ಲೇಖಕರು ನಿವೃತ್ತ ಸರ್ಕಾರಿ ಅಧಿಕಾರಿ)